ಗಾರೆಯವರು ಹೋದ ಮೇಲೆ

ಬಳ್ಳಾರಿ ಸೀಮೆಯ ಎರೆಭೂಮಿಯ ನಡುವಣ ರೂಪನಗುಡಿಯಂತಹ ಊರಿನಲ್ಲಿ ಹಳೆಯ ಮನೆಯೊಂದು ಜೀರ್ಣೋದ್ಧಾರಗೊಂಡು, ಗಾರೆಯವರೂ ಬಡಗಿಗಳೂ ಬಣ್ಣದವರೂ ತಮ್ಮ ಸಲಕರಣೆಗಳನ್ನು ಹೊತ್ತು ಹೊರಟುಹೋದ ತರುವಾಯ, ಅದನ್ನು ವಾಸಯೋಗ್ಯವನ್ನಾಗಿ ಮಾಡುವ ಹೆಂಗಸರ ಕೈಗುಣವನ್ನು ನಾನು ಒಂದು ಕಲೆಯೆಂದೇ ಗೌರವಿಸುತ್ತೇನೆ. ಕಸಬರಿಗೆ ಹಿಡಿದವಳ ಕಣ್ಣು ಮೊದಲು ಹೋಗುವುದು ಸೂರಿನ ಕಡೆಗೆ. ಜಂತೆ, ಗೂಡು, ಕಿಟಕಿಯ ಸರಳು, ಬಾಗಿಲ ಚೌಕಟ್ಟು ಎಂದು ಮೇಲಿನಿಂದ ಕೆಳಗಿಳಿಯುತ್ತ, ಬಡಗಿ ಬಿಟ್ಟುಹೋದ ಮರದ ಹೊಟ್ಟನ್ನೇ ತುಸು ತೇವಮಾಡಿ ನೆಲಕ್ಕೆರಚಿ, ಧೂಳೇಳದಂತೆ ಗುಡಿಸಿ ತೆಗೆದಲ್ಲದೆ ಆಕೆ ನೀರಿನ ಬಕೆಟ್ಟನ್ನು ಮುಟ್ಟಳು. ಏಕೆಂದರೆ ಸಿಮೆಂಟಿನ ಹುಡಿಯ ಮೇಲೆ ನೀರು ಸುರಿದರೆ ಅದು ಗಟ್ಟಿಯಾಗಿ ನೆಲವನ್ನೇ ಕಚ್ಚಿಕೊಳ್ಳುವುದು.

ಆತುರಗಾರರು ನೆಲದ ಮೇಲೆ ಗಾರೆಯ ಕಲೆ ಕಂಡೊಡನೆ ಆಸಿಡ್ ಸುರಿಯುವುದುಂಟು. ಕಡಪದ ಬಂಡೆಯಾಗಲಿ ಶಹಾಬಾದಿನ ಫರಸಿಯಾಗಲಿ ಸುಣ್ಣದ ಶಿಲೆಯಾದುದರಿಂದ, ಆಮ್ಲವು ಕಲೆಯೊಡನೆ ಕಲ್ಲಿನ ಕಾಂತಿಯನ್ನೂ ತಿಂದುಬಿಡುತ್ತದೆ. ಮತ್ತೆ ಕೈಯಿಂದ ಎಷ್ಟು ಉಜ್ಜಿದರೂ ಆ ಕಾಂತಿ ಸುಲಭವಾಗಿ ಮರಳದು. ಬಲ್ಲವಳು ಒದ್ದೆಗೋಣಿಯನ್ನು ಹಾಸಿ, ಕಲೆ ನೆನೆಯುವವರೆಗೆ ಕಾದು, ಮರದ ಚಕ್ಕೆಯ ಅಂಚಿನಿಂದ ಅದನ್ನು ಸಾವಕಾಶವಾಗಿ ಎಬ್ಬಿಸುತ್ತಾಳೆ. ಆ ತಾಳ್ಮೆಯಲ್ಲಿ ಎಂತಹ ಶಿಲಾಜ್ಞಾನವಿದೆ!

ಆದರೆ ಆಕೆಯ ಮೂಗುಬಾಯಿಗೆ ಇರುವ ರಕ್ಷಣೆ ಬರಿಯ ಸೆರಗು. ಕಲ್ಲು, ಮರಳುಗಳ ಸೂಕ್ಷ್ಮ ಸಿಲಿಕಾ ಕಣವನ್ನು ಬಟ್ಟೆ ತಡೆಯಲಾರದು, ಶ್ವಾಸಕೋಶದ ಆಳವನ್ನು ಹೊಕ್ಕ ಕಣ ಸುಲಭವಾಗಿ ಹೊರಬಾರದು. ಮನೆ ಕಟ್ಟಿಸುವ ಮಹನೀಯರು ಗೃಹಪ್ರವೇಶದ ಊಟದ ಲೆಕ್ಕ ಹಾಕುವ ಮುನ್ನ ಈಕೆಯ ಕೂಲಿಯನ್ನು ಬೇರೆಯಾಗಿ ತೆಗೆದಿರಿಸಿ, ಒಳ್ಳೆಯ ಮುಖಗವಸೊಂದನ್ನು ತಂದುಕೊಡಬೇಕೆಂದು ಪ್ರಾರ್ಥಿಸುತ್ತೇನೆ.