ಗಡಿಯಾರ ನೋಡಿ ಮಲಗುವ ಕೂಸು

ಮೀಟಿಂಗ್ ನಡುವೆ ಫೋನ್ ಗುಂಯ್ ಅಂತು. "10:47. ಮಗುವಿನ ನಿದ್ದೆಯ ಹೊತ್ತು." ಹೇಳಿದ್ದು ಆ್ಯಪ್. ಮೇಜಿನ ಕೆಳಗಿಂದಲೇ ಅಮ್ಮನಿಗೆ ಮೆಸೇಜ್ ಹಾಕಿದೆ: "ಈಗ ಮಲಗಿಸಮ್ಮ." ಉತ್ತರ ಬಂತು: "ಕಾಗೆ ನೋಡ್ತಾ ಕೂತಿದಾಳೆ. ನಿದ್ದೆ ಇಲ್ಲ." ನಾನು ಬಿಡಲಿಲ್ಲ: "ಎದ್ದು ಎರಡೂವರೆ ಗಂಟೆ ಆಯ್ತು, ಮಲಗಿಸಲೇಬೇಕು." ಆಮೇಲೆ ಉತ್ತರವೇ ಇಲ್ಲ.

ಸಂಜೆ ಮನೆಗೆ ಹೋದರೆ ಅಮ್ಮ ಊರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು. "ನಿನ್ನ ಫೋನಿಗೇ ಮಗು ನೋಡ್ಕೊಳ್ಳೋಕೆ ಬರುತ್ತಲ್ಲ, ನಾನ್ಯಾಕೆ ಇಲ್ಲಿ?"

ಅಮ್ಮ ಹೊರಟರೆ ನನ್ನ ಕೆಲಸವೂ ಹೊರಟ ಹಾಗೆ. ಆ ರಾತ್ರಿ, ಈ ಆ್ಯಪ್‌ಗಳಿಗೆಲ್ಲ ತಾಯಿಬೇರಾದ ಪುಸ್ತಕಗಳನ್ನ ಮತ್ತೆ ತೆಗೆದೆ. ಬಸುರಿಯಾಗಿದ್ದಾಗ ಭಕ್ತಿಯಿಂದ ಓದಿದ್ದೆ. ಈ ಸಲ ಜಗಳ ಆಡೋಕೆ ಅಂತಲೇ ಓದಿದೆ. ಇದು ಆ ಎರಡನೇ ಓದಿನ ಫಲ.

ಹಗಲು ನಿದ್ದೆಯ ಮಾತು ಬಂದರೆ ಮೂರು ಹೆಸರು ಮತ್ತೆ ಮತ್ತೆ ಕೇಳಿಸುತ್ತವೆ. ಒಂದು, ಬ್ರಿಟನ್ನಿನ ಜೀನಾ ಫೋರ್ಡ್ 1999ರಲ್ಲಿ ತಂದ 'ದಿ ಕಂಟೆಂಟೆಡ್ ಲಿಟಲ್ ಬೇಬಿ ಬುಕ್'. ಇದು ಪುಸ್ತಕಕ್ಕಿಂತ ಹೆಚ್ಚಾಗಿ ರೈಲ್ವೆ ವೇಳಾಪಟ್ಟಿ. ಬೆಳಿಗ್ಗೆ 7ಕ್ಕೆ ದಿನ ಶುರು, ಸಂಜೆ 7ಕ್ಕೆ ಹಾಸಿಗೆ, ಮಧ್ಯಾಹ್ನ 12ರ ಸುಮಾರಿಗೆ ಕತ್ತಲ ಕೋಣೆಯಲ್ಲಿ ಸುಮಾರು ಎರಡು ಗಂಟೆಯ ದೊಡ್ಡ ನಿದ್ದೆ. ತಾಯಿ ತಿಂಡಿ ತಿನ್ನೋ ಹೊತ್ತು ಕೂಡ ಅದರಲ್ಲಿ ನಿಗದಿ! ಎರಡನೇದು, ಷಿಕಾಗೋದ ಮಕ್ಕಳ ಡಾಕ್ಟರ್ ಮಾರ್ಕ್ ವೈಸ್‌ಬ್ಲತ್ 1987ರಲ್ಲಿ ಬರೆದ 'ಹೆಲ್ದಿ ಸ್ಲೀಪ್ ಹ್ಯಾಬಿಟ್ಸ್, ಹ್ಯಾಪಿ ಚೈಲ್ಡ್'. ಚಿಕ್ಕ ಕೂಸನ್ನ ಒಂದೆರಡು ಗಂಟೆಗಿಂತ ಹೆಚ್ಚು ಎಚ್ಚರ ಇಡಬೇಡಿ, ದಣಿವು ಮೀರಿದ ಮಗು ಮಲಗೋದೇ ಕಷ್ಟ ಅನ್ನೋದು ಅವರ ವಾದ. ಮೂರನೇದು, ಟ್ರೇಸಿ ಹಾಗ್ ಅವರ 'ಸೀಕ್ರೆಟ್ಸ್ ಆಫ್ ದಿ ಬೇಬಿ ವಿಸ್ಪರರ್', 2001ರದ್ದು. ಹಾಲು, ಆಟ, ನಿದ್ದೆ, ಆಮೇಲೆ ತಾಯಿಗೊಂದಿಷ್ಟು ಬಿಡುವು ಅನ್ನೋ ಚಕ್ರ. ಗಂಟೆಗಿಂತ ಕ್ರಮ ಮುಖ್ಯ, ಮಗುವಿನ ಮೈಯ ಭಾಷೆ ಕಲೀರಿ ಅಂತಾರೆ.

ಇವರು ಹೇಳೋದರಲ್ಲಿ ಸತ್ಯ ಇಲ್ಲದೆ ಇಲ್ಲ. ಎಚ್ಚರ ಇದ್ದಷ್ಟೂ ಮೈಯಲ್ಲಿ ನಿದ್ದೆಯ ಒತ್ತಡ ಏರುತ್ತದೆ, ಕೂಸಿನಲ್ಲಿ ಅದು ನಮಗಿಂತ ಬೇಗ ಏರುತ್ತದೆ. ಹಗಲು-ರಾತ್ರಿ ಗುರುತಿಸೋ ಒಳಗಿನ ಗಡಿಯಾರ ಹುಟ್ಟಿದಾಗ ತಯಾರಿರೋದಿಲ್ಲ, ಮೊದಲ ಕೆಲವು ತಿಂಗಳಲ್ಲಿ ನಿಧಾನಕ್ಕೆ ಕೂರುತ್ತದೆ. ಹಾಗಾಗಿ ಮೊದಲು ಹೊತ್ತುಗೊತ್ತಿಲ್ಲದ ತುಂಡು ನಿದ್ದೆಗಳು, ಆರು ತಿಂಗಳ ಹೊತ್ತಿಗೆ ಹಗಲಲ್ಲಿ ಎರಡೋ ಮೂರೋ, ಒಂದೂಕಾಲು-ಒಂದೂವರೆ ವರ್ಷದ ಸುಮಾರಿಗೆ ಒಂದೇ. ಇದನ್ನ ಪುಸ್ತಕ ಓದಿಯೇ ತಿಳಿದೆ, ಅದಕ್ಕೆ ಋಣಿ.

ತಕರಾರು ಇರೋದು ನಿಖರತೆಯ ಬಗ್ಗೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದ್ದು ಇಷ್ಟೇ: 4ರಿಂದ 12 ತಿಂಗಳ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ. 4 ತಿಂಗಳಿಗಿಂತ ಚಿಕ್ಕವರಿಗೆ ಅವರು ಸಂಖ್ಯೆಯನ್ನೇ ಕೊಡಲಿಲ್ಲ. ಅಷ್ಟು ಸಣ್ಣವರಲ್ಲಿ ಸಹಜವಾಗಿಯೇ ಏರುಪೇರು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟಿದ್ದೂ ಇಡೀ ದಿನದ ಲೆಕ್ಕವೇ. 12ಕ್ಕೂ 16ಕ್ಕೂ ನಡುವೆ ನಾಲ್ಕು ಗಂಟೆ ಅಂತರ ಇದೆ, ನೋಡಿ. ಒಂದು ಮಗು ನಾಲ್ಕು ಗಂಟೆ ಕಡಿಮೆ ಮಲಗಿಯೂ ಪೂರ್ತಿ ಸರಿಯಿರಬಹುದು. ಇಷ್ಟು ಅಗಲದ ಮಾತಿನಿಂದ ನನ್ನ ಆ್ಯಪ್ 10:47 ಅನ್ನೋ ನಿಮಿಷವನ್ನ ಎಲ್ಲಿಂದ ಹೆಕ್ಕಿ ತೆಗೀತು? ಸರಾಸರಿಗೆ ನಿಮಿಷದ ಮುಳ್ಳು ಕಟ್ಟಿದರೆ ಅದು ವಿಜ್ಞಾನದ ಹಾಗೆ ಕಾಣುತ್ತದೆ, ಅಷ್ಟೇ.

ಎರಡನೇ ತಕರಾರು ಮನೆಯದ್ದು. ಫೋರ್ಡ್ ಪುಸ್ತಕದ ಮನೆಯಲ್ಲಿ ಮಗುವಿಗೆ ಕತ್ತಲ ಕೋಣೆ ಇದೆ, ಹಗಲೆಲ್ಲ ಕಾಯೋ ತಾಯಿ ಇದ್ದಾಳೆ. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ 12 ಗಂಟೆಗೆ ಕುಕ್ಕರ್ ಕೂಗುತ್ತೆ, ಕೊರಿಯರ್‌ನವನು ಬೆಲ್ ಒತ್ತುತ್ತಾನೆ, ಪಕ್ಕದ ಮನೆಯಲ್ಲಿ ಟೈಲ್ಸ್ ಕೊಯ್ಯೋದು ಮೂರನೇ ವಾರಕ್ಕೆ ಕಾಲಿಟ್ಟಿದೆ. ಇನ್ನು ತಾಯಿ? 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಒಳ್ಳೇದೇ. ಆದರೆ ಹೆರಿಗೆಗೆ ಮುಂಚೆಯೇ ಒಂದಷ್ಟು ವಾರ ತಗೊಂಡವರು ಲೆಕ್ಕ ಹಾಕಿ: ಹಗಲು ನಿದ್ದೆ ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯೋ ಗೊಂದಲದ ಹೊತ್ತಲ್ಲೇ ನಾವು ಲ್ಯಾಪ್‌ಟಾಪ್ ತೆಗೀಬೇಕು. 50 ಜನಕ್ಕೆ ಕಮ್ಮಿಯಿಲ್ಲದ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅನ್ನುತ್ತೆ ಕಾನೂನು. ನನ್ನ ಪಾಲಿಗೆ ಆ ನಾಲ್ಕು ಸಲ ನಾಲ್ಕು ಮೆಸೇಜ್ ಆಗಿದ್ದವು, ಅವೆಲ್ಲ ಅಮ್ಮನಿಗೆ ಹೋಗ್ತಿದ್ದವು.

ಇಲ್ಲೇ ನನಗೆ ಮುಳ್ಳು ಚುಚ್ಚಿದ್ದು. ಈ ಪುಸ್ತಕಗಳು ಮಾತಾಡೋದು ಓದೋಳೊಬ್ಬಳ ಹತ್ತಿರ. ಓದೋಳೂ ಮಲಗಿಸೋಳೂ ಒಬ್ಬಳೇ ಅಂದ್ಕೊಂಡು ಬರೆದ ಹಾಗಿವೆ. ನಮ್ಮಲ್ಲಿ ಓದೋಳು ಆಫೀಸಲ್ಲಿ, ಮಲಗಿಸೋಳು ಮನೇಲಿ. ಆಕೆ ಅಜ್ಜಿಯೋ, ಅತ್ತೆಯೋ, ಸಂಬಳಕ್ಕೆ ಬರೋ ಅಕ್ಕನೋ. ಆಗ ಎಚ್ಚರದ ಅವಧಿಯ ಚಾರ್ಟು ಮಗುವಿನ ಬಗೆಗಿನ ಮಾಹಿತಿಯಾಗಿ ಉಳಿಯೋದಿಲ್ಲ, ದೂರದಿಂದ ಕೊಡೋ ಹುಕುಂ ಆಗುತ್ತೆ. ನಾನು ಅಮ್ಮನಿಗೆ ಮ್ಯಾನೇಜರ್ ಆಗಿದ್ದೆ. ಅದೂ ಎಂಥ ಮ್ಯಾನೇಜರ್ ಅಂದರೆ, ಸ್ಥಳದಲ್ಲಿರೋರನ್ನ ಒಂದು ಮಾತೂ ಕೇಳದೆ ಡೆಡ್‌ಲೈನ್ ಹಾಕೋ ಥರದವಳು. ನನ್ನ ಮೇಲೆ ಅಂಥವರಿದ್ದರೆ ನಾನು ಎಷ್ಟು ಬೈತೀನಿ!

ಹಾಗಂತ 'ನಮ್ಮ ಅಜ್ಜಿಯರಿಗೆ ಎಲ್ಲ ಗೊತ್ತಿತ್ತು' ಅಂತ ರಾಗ ಎಳೆಯೋಕೂ ನಾನು ತಯಾರಿಲ್ಲ. ತಲೆ ಗುಂಡಗಾಗಲಿ ಅಂತ ಅಮ್ಮ ಸಾಸಿವೆ ದಿಂಬು ತಂದಿದ್ದಳು, ಎಣ್ಣೆಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಹಾಕೋಳು. ಎರಡನ್ನೂ ನಿಲ್ಲಿಸಿದೆ. ಮಗುವನ್ನ ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸಿ ಅನ್ನೋದು ಅಭಿಪ್ರಾಯದ ಮಾತಲ್ಲ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸೋ ಆಂದೋಲನ ಶುರುವಾದ ಮೇಲೆ, ನಿದ್ದೆಯಲ್ಲೇ ಹಠಾತ್ತನೆ ಸಾಯುತ್ತಿದ್ದ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಇಂಥ ಕಡೆ ಪುಸ್ತಕ ಹೇಳಿದ್ದೇ ಕೊನೆ ಮಾತು, ಅಮ್ಮ ಮುನಿಸಿಕೊಂಡರೂ ಸರಿ. ಹೇಗೆ ಮಲಗಿಸಬೇಕು ಅನ್ನೋದಕ್ಕೆ ನಿಯಮ ಇದೆ. ಯಾವಾಗ ಅನ್ನೋದು ಮಾತ್ರ ಮಗುವನ್ನ ಎತ್ತಿಕೊಂಡವರ ಕಣ್ಣಿಗೆ ಬಿಟ್ಟಿದ್ದು. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಮಾರನೇ ದಿನ ಅಮ್ಮನನ್ನ ಕೇಳಿದೆ, "ನಿದ್ದೆ ಬಂತು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?" ಅಮ್ಮ ಯೋಚಿಸಲೇ ಇಲ್ಲ. "ಮೊದಲು ನೋಟ ಎಲ್ಲೋ ನಿಲ್ಲುತ್ತೆ, ಕಾಗೆ ಬೇಡ ಆಗುತ್ತೆ. ಆಮೇಲೆ ಕಿವಿ ಉಜ್ಜುತಾಳೆ. ಆಗ ತೊಟ್ಟಿಲಿಗೆ ಹಾಕಿದರೆ ಸರಿ. ಬೆನ್ನು ಬಿಲ್ಲು ಮಾಡ್ಕೊಂಡು ಅಳೋಕೆ ಶುರು ಮಾಡಿದ್ಲು ಅಂದ್ರೆ ಕೆಟ್ಟೆವು." ಟ್ರೇಸಿ ಹಾಗ್ ಪುಟಗಟ್ಟಲೆ ಕಲಿಸೋ ಪಾಠ ಇದೇ ಅಲ್ವಾ? ಇನ್ನೊಂದು ತಮಾಷೆ. ದೀಪ ಹಚ್ಚೋ ಹೊತ್ತಲ್ಲಿ ಮಗು ಮಲಗಬಾರದು ಅಂತ ಅಮ್ಮ 5 ಗಂಟೆಗೆ ಎಬ್ಬಿಸಿಬಿಡುತ್ತಾಳೆ. ಮೂಢನಂಬಿಕೆ ಅಂತ ಗೊಣಗುತ್ತಿದ್ದೆ. ಫೋರ್ಡ್ ವೇಳಾಪಟ್ಟಿಯಲ್ಲೂ ಮಗು 5ಕ್ಕೆ ಎದ್ದಿರಲೇಬೇಕು! ಸಂಜೆ ನಿದ್ದೆ ಉದ್ದ ಆದರೆ ರಾತ್ರಿ ನಿದ್ದೆಯ ಒತ್ತಡ ಸಾಲೋದಿಲ್ಲ. ಕಾರಣ ಬೇರೆ ಬೇರೆ, ಕೆಲಸ ಒಂದೇ.

ಹಾಗಾಗಿ ಕೊಳ್ಳೋರಿಗೆ ನನ್ನ ಮಾತು ಇಷ್ಟು: ಒಂದೇ ಪುಸ್ತಕ ಸಾಕು ಅನ್ನೋರು ಹಾಗ್ ತಗೊಳ್ಳಿ. ವೈಸ್‌ಬ್ಲತ್ ಅವರದ್ದರಲ್ಲಿ ಮೊದಲ ತಿಂಗಳುಗಳ ಭಾಗ ಓದಿ. ಫೋರ್ಡ್ ಬೇಕಿದ್ದರೆ ಎರವಲು ತನ್ನಿ. ಯಾವುದನ್ನೇ ಓದಿದರೂ, ಹಗಲು ಮಗುವನ್ನ ನೋಡಿಕೊಳ್ಳೋರ ಪಕ್ಕದಲ್ಲಿ ಕೂತು ಓದಿ ಹೇಳಿ, ಅವರು ತಿರುಗಿ ಹೇಳಿದ್ದನ್ನ ಕೇಳಿಸಿಕೊಳ್ಳಿ.

ಆ್ಯಪ್‌ನ ಬಾಯಿ ಮುಚ್ಚಿಸಿದೀನಿ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಈಗ ಅಮ್ಮ ನಿದ್ದೆಯ ಲೆಕ್ಕವನ್ನೂ ಬರೀತಾಳೆ, ನಾನು ಸಂಜೆ ಬಂದು ಓದ್ತೀನಿ. ಮೊನ್ನೆ ಗುರುವಾರದ ಚೌಕದಲ್ಲಿ ಹೀಗಿತ್ತು: "1 ಗಂಟೆ 20. ಆಮೇಲೆ 35 ನಿಮಿಷ, ಟೈಲ್ಸ್‌ನವರು ಎಬ್ಬಿಸಿದರು. ಮೂರನೇದು ಇಲ್ಲ, ಕಾಗೆ."