ಬಳಿ ಎಲ್ಲಿ ಹೋದ್ವು?

ಜಾತ್ರೆಯ ದಿನಗಳಲ್ಲಿ ಬನಶಂಕರಿಯಲ್ಲಿ ನಿದ್ದೆಯ ಆಸೆ ಇಟ್ಟುಕೊಳ್ಳಬಾರದು. ನಾಟಕ ಕಂಪನಿಗಳ ಲೌಡ್‌ಸ್ಪೀಕರುಗಳು ಬೆಳಗಿನತನಕ ಮಲಗಗೊಡುವುದಿಲ್ಲ. ಅಂಥ ಒಂದು ರಾತ್ರಿ ನಾನು ನಾಟಕಕ್ಕೆ ಹೋಗದೆ ಲಿನಕ್ಸ್ ಯಂತ್ರದ ಕಪ್ಪು ಪರದೆಯ ಮುಂದೆ ಕೂತಿದ್ದೆ. ನಮ್ಮ ಮಾಸ್ತರರು ನಲವತ್ತು ವರ್ಷ ನೋಟ್‌ಬುಕ್ಕುಗಳಲ್ಲಿ ಕೂಡಿಹಾಕಿದ್ದ ಈ ಸೀಮೆಯ ಮಾತುಗಳನ್ನು ಅಕಾರಾದಿಯಾಗಿ ಜೋಡಿಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಇರುವಾಗಲೇ ಪಟ್ಟಿ ನೋಡಬೇಕೆಂಬ ಅವಸರ ಅವರದು.

ಲಿನಕ್ಸನ್ನು ಸಂಭಾಳಿಸುವವನಿಗೆ ಕೀಲಿಮಣೆಯ ಮೇಲೆ ಒತ್ತುವ ಪುಟ್ಟ ಪುಟ್ಟ ಆಜ್ಞೆಗಳೇ ಗತಿ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದದ್ದು ಇದರ ತಿರುಳನ್ನು ಮಾತ್ರ. ನಿತ್ಯ ಬಳಕೆಯ ಆಜ್ಞೆಗಳಲ್ಲಿ ಬಹಳಷ್ಟು, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಬಂದವು. ಅವುಗಳ ಜಾತಕ ಇನ್ನೂ ಹಿಂದಿನ ಯುನಿಕ್ಸಿನದು. ಇವನ್ನು ನಾನು ಸಾಹಿತ್ಯವೆಂದೇ ಓದುತ್ತೇನೆ. ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ ಎನ್ನಲು 'ಡಿಎಫ್', ಅದನ್ನು ನುಂಗಿದವರು ಯಾರು ಎನ್ನಲು 'ಡಿಯು', ಯಾವ ಯಾವ ಕೆಲಸ ಓಡುತ್ತಿದೆ ಎನ್ನಲು 'ಪಿಎಸ್', ದಿನಚರಿಯ ಕೊನೆಯ ಸಾಲುಗಳಿಗೆ 'ಟೇಲ್', ಕಡತದಲ್ಲಿ ಒಂದು ಮಾತು ಹುಡುಕಲು 'ಗ್ರೆಪ್'. ಒಂದೊಂದಕ್ಕೂ ಒಂದೇ ಕಸುಬು. ಐದು ಕಿಲೋಮೀಟರ್ ಆಚೆ ಬಾದಾಮಿಯ ಬಂಡೆಯ ಮೇಲೆ, ಸುಮಾರು 700ರ ಹೊತ್ತಿಗೆ, ಕಪ್ಪೆ ಅರಭಟ್ಟನ ಗುಣವನ್ನು ತ್ರಿಪದಿಯಲ್ಲಿ ಕೆತ್ತಿದವನಿಗೂ ಇದೇ ಬಿಗಿ ಗೊತ್ತಿತ್ತು.

ಇವುಗಳ ನಿಜವಾದ ಸೊಗಸು ಇರುವುದು ಜೋಡಣೆಯಲ್ಲಿ. ಒಂದರ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವ 'ಪೈಪ್' ಡಗ್ ಮ್ಯಾಕ್‌ಇಲ್‌ರಾಯ್ ಅವರ ಕಲ್ಪನೆ. ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ 1973ರಲ್ಲಿ ಅದನ್ನು ಯುನಿಕ್ಸಿಗೆ ಸೇರಿಸಿದರು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಾರಲ್ಲ, ಆ ಬಗೆ. ಎರಡೂ ಬೇರೆ ನೂಲು. ಸೀರೆ ಮಾತ್ರ ಒಂದೇ.

ತಕರಾರೂ ಇದೆ. 'ಮ್ಯಾನ್' ಎಂಬ ಕೈಪಿಡಿ ಗೊತ್ತಿದ್ದವರಿಗೆ ಎಲ್ಲವನ್ನೂ ವಿವರಿಸುತ್ತದೆ. 'ಸಿಎಚ್‌ಮಾಡ್' ಜಗತ್ತನ್ನು ಒಡೆಯ, ಗುಂಪು, ಉಳಿದವರು ಎಂದು ಮೂರು ಪಂಕ್ತಿಯಲ್ಲಿ ಕೂಡಿಸುತ್ತದೆ. ನಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ದೊಡ್ಡ ತಕರಾರು ಅವುಗಳ ಮೌನದ ಬಗ್ಗೆ. ಕೆಲಸ ಕೆಡದಿದ್ದರೆ ಇವು ತುಟಿ ಬಿಚ್ಚುವುದಿಲ್ಲ, ಅದು ಗುಣವೇ. ಆದರೆ ಕನ್ನಡದ ಮಟ್ಟಿಗೆ ಕೆಲಸ ಕೆಟ್ಟದ್ದೇ ಅವಕ್ಕೆ ತಿಳಿಯುವುದಿಲ್ಲ.

'ಬನಶಂಕರಿ' ಎಂದು ಬರೆದು 'ಡಬ್ಲ್ಯೂಸಿ'ಗೆ ಎಣಿಸಲು ಕೊಟ್ಟೆ. ಸಾಲು ಮುಗಿಸುವ ಗುರುತನ್ನು ಬಿಟ್ಟರೆ ಬೈಟ್ 21, ಅಕ್ಷರ 7 ಎಂದಿತು. ಸೊನ್ನೆ, ಗುಡಿಸು ಎರಡನ್ನೂ ಅದು ಬೇರೆ ಬೇರೆ ಅಕ್ಷರವೆಂದೇ ಲೆಕ್ಕ ಹಿಡಿಯುತ್ತದೆ. ಒಂದನೇ ಇಯತ್ತೆಯ ಹುಡುಗಿ ಐದೇ ಎಂದಾಳು. ನನ್ನ ಯಂತ್ರದ 'ಕಟ್' ಇನ್ನೂ ನಿರ್ದಯಿ. ಮೊದಲ ನಾಲ್ಕು ಅಕ್ಷರ ಕೊಡು ಎಂದರೆ ನಾಲ್ಕು ಬೈಟ್ ಕತ್ತರಿಸಿ, 'ಬ' ಒಂದನ್ನೂ 'ನ'ದ ಮೂರನೆಯ ಒಂದು ಪಾಲನ್ನೂ ಕೈಗಿಟ್ಟಿತು. ತಪ್ಪಾಯಿತೆಂಬ ಒಂದು ಸೊಲ್ಲೂ ಇಲ್ಲ.

ಮರುದಿನ ಮಾಸ್ತರರು ಪಟ್ಟಿಯನ್ನು ಕಣ್ಣಿಗೆ ಹತ್ತಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ತಮ್ಮಾ, ಬನಶಂಕರಿ ಜಾತ್ರ್ಯಾಗ ಬಳಿ ಇಲ್ಲಂದ್ರ ಹ್ಯಾಂಗೋ? ಬಳಿ ಎಲ್ಲಿ ಹೋದ್ವು?" ಎಂದರು.

ಬಸರಿ, ಬಹಳ ಆದಮೇಲೆ ಬರಬೇಕಾದ ಬಳಿ, 'ಬಲ'ದ ಬೆನ್ನಿಗೇ ಕೂತಿತ್ತು. ಯೂನಿಕೋಡಿನಲ್ಲಿ ಭಾರತದ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಕೂಡಿಸಿದ್ದರಿಂದ, ದೇವನಾಗರಿಯ ಹಾಗೆ ಕನ್ನಡದ ಳಕಾರವೂ ಲಕಾರದ ಮಗ್ಗುಲಿಗೆ ಬಂದಿದೆ. ನಮ್ಮ ವರ್ಣಮಾಲೆಯಲ್ಲಿ ಅದರ ಠಿಕಾಣಿ ಹಕಾರದ ಆಚೆ. ಅರ್ಧ ತಪ್ಪು ನನ್ನದೇ. ಕೆಲಸ ಬೇಗ ಮುಗಿಯಲೆಂದು ಭಾಷೆಯ ನಿಯಮಗಳನ್ನು ಬದಿಗಿಟ್ಟು, ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಲು 'ಸಾರ್ಟ್'ಗೆ ಹೇಳಿದ್ದೆ. ಅದು ಹೇಳಿದಷ್ಟನ್ನೇ ಮಾಡಿತ್ತು.

"ಮಾಸ್ತರ್ರ, ಒಂದ ತಾಸು ಕೊಡ್ರಿ" ಎಂದೆ.

ಯೂನಿಕೋಡಿನ ಸಾಲಿನಲ್ಲಿ ಹಕಾರ ಮುಗಿದು ದೀರ್ಘದ ಗುರುತು ಬರುವ ಮುನ್ನ ಅವಗ್ರಹ ಕೂತಿದೆ. ಮಾಸ್ತರರ ಪಟ್ಟಿಯಲ್ಲಿ ಅವಗ್ರಹ ಒಂದೂ ಇರಲಿಲ್ಲ. 'ಗ್ರೆಪ್'ನಿಂದ ಹುಡುಕಿ ಖಾತ್ರಿ ಮಾಡಿಕೊಂಡೆ. 'ಸೆಡ್'ಗೆ ಹೇಳಿ ಎಲ್ಲ ಳಕಾರಗಳನ್ನೂ ಅವಗ್ರಹ ಮಾಡಿಸಿದೆ. ಪೈಪಿನಿಂದ 'ಸಾರ್ಟ್'ಗೆ ದಾಟಿಸಿದೆ. ಇನ್ನೊಂದು ಪೈಪು, ಇನ್ನೊಂದು 'ಸೆಡ್', ಅವಗ್ರಹಗಳೆಲ್ಲ ತಿರುಗಿ ಳಕಾರ. ಕನ್ನಡ ಬಾರದ ಮೂರು ಆಜ್ಞೆಗಳು ಕೊಂಡಿ ಹಾಕಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಸ್ತರರ ಪಟ್ಟಿಯನ್ನು ನೆಟ್ಟಗೆ ಮಾಡಿದವು. ಎಂದಿನಂತೆ ಏನೂ ಹೇಳಲಿಲ್ಲ.

ಹೊಸ ಹಾಳೆಯನ್ನು ಮಾಸ್ತರರು ಬಾಗಿಲ ಬೆಳಕಿಗೆ ಹಿಡಿದರು. ಬೆರಳು ಬಸರಿ ದಾಟಿತು, ಬಹಳ ದಾಟಿತು, ಬಳಿಯ ಮೇಲೆ ನಿಂತಿತು. "ಹಾಂ" ಎಂದವರೇ ಪುಟ ಹಿಂದಕ್ಕೆ ತಿರುವಿ 'ಕಳಸ' ಹುಡುಕತೊಡಗಿದರು.