ಕಡಿದ ಹಾಡು, ನಿಂತ ಗಣಕ: ಪುನರಾರಂಭವನ್ನು ಕುರಿತ ಒಂದು ವಿಮರ್ಶೆ

ಮೌಖಿಕ ಮಹಾಕಾವ್ಯಗಳ ಆರಂಭವನ್ನು ಕುರಿತು ನಡೆದಿರುವಷ್ಟು ಚರ್ಚೆ ಅವುಗಳ ಪುನರಾರಂಭವನ್ನು ಕುರಿತು ನಡೆದಿಲ್ಲ. ನೀಲಗಾರರಾಗಲಿ ದೇವರಗುಡ್ಡರಾಗಲಿ ಇರುಳಿಡೀ ಹಾಡುವಾಗ ಹಾಡು ಹಲವು ಬಾರಿ ನಿಲ್ಲುತ್ತದೆ. ತಂಬೂರಿಯ ತಂತಿ ಕಡಿಯುತ್ತದೆ, ಮನೆಯವರು ಕಾಫಿ ತರುತ್ತಾರೆ, ಮಳೆ ಬರುತ್ತದೆ. ಹಾಗೆಂದು ಗಾಯಕ ಮತ್ತೆ ಮೊದಲಿನಿಂದ ಹಾಡುವುದಿಲ್ಲ. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಅವನು ಹಿಂದಿನ ಪ್ರಸಂಗದ ನಾಲ್ಕು ಮಾತು ನೆನಪಿಸಿ ಮುಂದೆ ಸಾಗುತ್ತಾನೆ. ಸಂಪಾದಕರಾದ ನಾವು ಮಾತ್ರ ಈ ನಿಲುಗಡೆಗಳನ್ನು ದೋಷವೆಂದು ಬಗೆದು ಅಚ್ಚಿನಲ್ಲಿ ಅಳಿಸಿದೆವು. ನನ್ನ ಪಿಎಚ್.ಡಿ. ಪ್ರಬಂಧದ ಅನುಬಂಧವೂ ಈ ಆಕ್ಷೇಪಕ್ಕೆ ಹೊರತಲ್ಲ.

ಈ ತಪ್ಪು ನನಗೆ ಮನವರಿಕೆಯಾದುದು ಕ್ಷೇತ್ರಕಾರ್ಯದಲ್ಲಲ್ಲ, ಬೆಂಗಳೂರಿನ ಜೆ.ಪಿ. ನಗರದ ಮಹಡಿಯೊಂದರ ಎರಡು ಕೋಣೆಗಳ ಕಚೇರಿಯಲ್ಲಿ. ನನ್ನ ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಗಣಕದ ಮೂಲಕ ಬರಹಕ್ಕಿಳಿಸಲು ಅಲ್ಲಿನ ತರುಣರು ಒಪ್ಪಿಕೊಂಡಿದ್ದರು. ಯಂತ್ರ ಅವರದಲ್ಲ. ಕ್ಲೌಡ್ ಎಂಬ ಹೆಸರಿನಲ್ಲಿ ದೂರದ ದತ್ತಾಂಶ ಕೇಂದ್ರಗಳಿಂದ ಬಾಡಿಗೆಗೆ ದೊರೆಯುವ ಯಂತ್ರ. ಅದರಲ್ಲಿಯೂ ಅಗ್ಗದ ಬಾಡಿಗೆಯೊಂದಿದೆ. ಅಮೆಜಾನ್ ಸಂಸ್ಥೆ 2009ರಲ್ಲಿ ಆರಂಭಿಸಿದ ‘ಸ್ಪಾಟ್’ ಪದ್ಧತಿಯಲ್ಲಿ ಬಿಡುವಾಗಿರುವ ಯಂತ್ರಗಳು ಶೇ. 90ರವರೆಗೂ ರಿಯಾಯಿತಿಯಲ್ಲಿ ದೊರೆಯುತ್ತವೆ. ಆದರೆ ಒಡೆಯನಿಗೆ ಬೇಕಾದ ಕೂಡಲೇ ಹಿಂದಿರುಗಿಸಬೇಕು. ಅಮೆಜಾನ್ ಕೊಡುವ ಮುನ್ಸೂಚನೆ ಎರಡು ನಿಮಿಷ. ಗೂಗಲ್ ಮತ್ತು ಮೈಕ್ರೋಸಾಫ್ಟ್ ಕೊಡುವುದು ಮೂವತ್ತು ಸೆಕೆಂಡು. ಛತ್ರದಲ್ಲಿ ಮಲಗಿದ ದಾರಿಹೋಕನ ಸ್ಥಿತಿ ಇದು. ಮದುವೆಯ ದಿಬ್ಬಣ ಬಂದರೆ ಚಾಪೆ ಸುತ್ತಲೇಬೇಕು.

ಮೊದಲ ವಾರ ಕೆಲಸ ರಾತ್ರಿ ನಿಲ್ಲುವುದು, ಬೆಳಿಗ್ಗೆ ಮೊದಲ ಕ್ಯಾಸೆಟ್ಟಿನಿಂದಲೇ ಮತ್ತೆ ತೊಡಗುವುದು ನಡೆಯಿತು. ಅದೇ ಗಂಟೆಗಳಿಗೆ ಮೂರು ಸಲ ಬಾಡಿಗೆ ತೆತ್ತೆವು. ಅಗ್ಗವೆಂದು ಹಿಡಿದದ್ದು ಅಗ್ಗವಾಗಲಿಲ್ಲ.

ಗಣಕಶಾಸ್ತ್ರ ಈ ಸಮಸ್ಯೆಯನ್ನು ಬಹು ಹಿಂದೆಯೇ ಚಿಂತಿಸಿದೆ. ಕೆಲಸದ ಸ್ಥಿತಿಯನ್ನು ಆಗಾಗ ಉಳಿಸಿಟ್ಟು, ನಿಂತಾಗ ಅಲ್ಲಿಂದ ಮುಂದುವರಿಯುವ ಕ್ರಮಕ್ಕೆ ಚೆಕ್‌ಪಾಯಿಂಟ್ ಎಂದು ಹೆಸರು. ಎಷ್ಟು ಹೊತ್ತಿಗೊಮ್ಮೆ ಉಳಿಸಬೇಕು? ತೀರ ಪದೇ ಪದೇ ಉಳಿಸಿದರೆ ಉಳಿಸುವುದೇ ಕೆಲಸವಾಗುತ್ತದೆ. ಅಪರೂಪಕ್ಕೆ ಉಳಿಸಿದರೆ ನಷ್ಟ ಹೆಚ್ಚು. ಉಳಿಸಲು ಹಿಡಿಯುವ ಸಮಯವನ್ನೂ ಎರಡು ನಿಲುಗಡೆಗಳ ನಡುವಣ ಸರಾಸರಿ ಅವಧಿಯನ್ನೂ ಗುಣಿಸಿ, ಇಮ್ಮಡಿ ಮಾಡಿ, ವರ್ಗಮೂಲ ತೆಗೆಯಬೇಕೆಂಬುದು ಜಾನ್ ಯಂಗ್ 1974ರಲ್ಲಿ ಕೊಟ್ಟ ಸೂತ್ರ. ಉಳಿಸಲು 1 ನಿಮಿಷ ಹಿಡಿದು, ಯಂತ್ರ ಸರಾಸರಿ 120 ನಿಮಿಷಕ್ಕೊಮ್ಮೆ ಕೈತಪ್ಪುವುದಾದರೆ ಸುಮಾರು ಹದಿನೈದೂವರೆ ನಿಮಿಷಕ್ಕೊಮ್ಮೆ ಉಳಿಸುವುದು ಲಾಭಕರ. ಗೂಗಲ್‌ನ ಡೀನ್ ಮತ್ತು ಘೇಮಾವತ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಪ್ರಬಂಧವು ವೈಫಲ್ಯವನ್ನು ನಿತ್ಯದ ಸಂಗತಿಯೆಂದೇ ಗಣಿಸಿ, ಕೆಲಸವನ್ನು ಸಣ್ಣ ತುಂಡುಗಳಾಗಿ ಹಂಚಿ, ಕೆಟ್ಟ ತುಂಡನ್ನಷ್ಟೇ ಮತ್ತೆ ಮಾಡಿಸಿತು. ನಿಲುಗಡೆಯನ್ನು ದೋಷವೆಂದ ನಮ್ಮ ಸಂಪಾದನ ಶಾಸ್ತ್ರಕ್ಕಿಂತ ಇದು ನೀಲಗಾರರಿಗೆ ಹತ್ತಿರವಾದ ತಿಳಿವಳಿಕೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಆ ಸೂತ್ರ ಬಲ್ಲದ್ದು ಗಡಿಯಾರವನ್ನು ಮಾತ್ರ. ತರುಣರು ಧ್ವನಿಯನ್ನು ಹದಿನೈದು ನಿಮಿಷಗಳ ತುಂಡುಗಳಾಗಿ ಕತ್ತರಿಸಿದರು. ವೆಚ್ಚವೇನೋ ಇಳಿಯಿತು, ತುಂಡಿನ ಅಂಚಿನಲ್ಲೆಲ್ಲ ಪಂಕ್ತಿಗಳು ಅರ್ಧಕ್ಕೆ ಕಡಿದು ಅರ್ಥಹೀನವಾದವು. ಮಲೆ ಮಾದೇಶ್ವರ ಕಾವ್ಯದ ಗಾಯಕ ಪರಂಪರೆ ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಕಥೆಯ ಕೀಲುಗಳಲ್ಲಿಯೇ ಕಾವ್ಯವನ್ನು ವಿಂಗಡಿಸಿಕೊಂಡಿದೆ. ಸಾಲಿನೊಳಗೆ ಸೊಲ್ಲು ಮರಳುವ ಎಡೆಗಳು ಇನ್ನಷ್ಟು ಸಣ್ಣ ತಂಗುದಾಣಗಳು. ಕತ್ತರಿಸುವ ಜಾಗವನ್ನು ಅಲ್ಲಿಗೆ ಬದಲಿಸಿದ ಮೇಲೆ ತುಂಡುಗಳ ಅಳತೆ ಏರುಪೇರಾಯಿತು, ಬರಹ ಓದುವಂತಾಯಿತು.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಒಂದು ಕೆಲಸವನ್ನು ಎರಡು ಬಾರಿ ಮಾಡಿದರೂ ಫಲ ಒಂದೇ ಆಗಿರಬೇಕೆಂಬುದು ಗಣಕದವರ ನಿಯಮ. ನಮ್ಮ ಕೆಲಸದಲ್ಲಿ ಅದು ಪಾಲನೆಯಾಗಿರಲಿಲ್ಲ. ನಿಂತು ಮರಳಿ ಹೊರಟ ಯಂತ್ರ ಈಗಾಗಲೇ ಬರೆದ ಪಂಕ್ತಿಗಳನ್ನು ಮತ್ತೊಮ್ಮೆ ಬರೆದಿತ್ತು. ನಾನು ಅದನ್ನು ಗಾಯಕನ ಪುನರುಕ್ತಿಯೆಂದೇ ಭಾವಿಸಿ, ಆಲ್ಬರ್ಟ್ ಲಾರ್ಡ್ 1960ರ ಕೃತಿಯಲ್ಲಿ ವಿವರಿಸಿದ ಸೂತ್ರಾತ್ಮಕ ರಚನೆಗೆ ನಿದರ್ಶನವಾಗಿ ಗುರುತು ಮಾಡಿಕೊಂಡಿದ್ದೆ. ಕ್ಯಾಸೆಟ್ಟು ಕೇಳಿದಾಗ ಗಾಯಕ ಒಂದೇ ಬಾರಿ ಹಾಡಿದ್ದ! ಪುನರುಕ್ತಿಯೇ ಜೀವವಾಗಿರುವ ಕಾವ್ಯದಲ್ಲಿ ಯಂತ್ರದ ಪುನರುಕ್ತಿ ಬೆರೆತರೆ ಬೇರ್ಪಡಿಸುವುದು ಸುಲಭವಲ್ಲ. ಪ್ರತಿ ತುಂಡಿಗೂ ಒಂದೇ ಹೆಸರಿಟ್ಟು, ಮರಳಿ ಬರೆದರೆ ಹಳೆಯದರ ಮೇಲೆಯೇ ಬರೆಯುವಂತೆ ಮಾಡುವುದು ಇದಕ್ಕೆ ಪರಿಹಾರ.

ಹಲವು ಕ್ಲೌಡುಗಳ ನಡುವೆ ಕೆಲಸವನ್ನು ಸಾಗಿಸುವ ಮಾತೂ ಇದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಕೈಪೈಲಟ್ ಎಂಬ ತಂತ್ರಾಂಶ ಒಂದೆಡೆ ಯಂತ್ರ ಕೈತಪ್ಪಿದರೆ ಅಗ್ಗವಾಗಿ ಸಿಗುವ ಇನ್ನೊಂದೆಡೆ ಕೆಲಸವನ್ನು ಎಬ್ಬಿಸುತ್ತದೆ. ಆದರೆ ಒಂದು ಸಂಸ್ಥೆಯ ಉಗ್ರಾಣದಿಂದ ದತ್ತಾಂಶವನ್ನು ಹೊರತರಲು ಸುಂಕ ತೆರಬೇಕಾಗುತ್ತದೆ. ಗಂಟು ಭಾರವಾದಷ್ಟೂ ಊರು ಬದಲಿಸುವುದು ದುಬಾರಿ. ಲೌರಿ ಹಾಂಕೊ 1990ರಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ತುಳು ಸಿರಿ ಕಾವ್ಯ 15,683 ಸಾಲುಗಳದು. ಹಾಡಿದ್ದು ಹಲವು ದಿನ. ದಿನದಿನವೂ ಎತ್ತಿಕೊಳ್ಳಲು ಅವರು ಹೊತ್ತು ತಂದದ್ದು ಹಾಂಕೊ ‘ಮಾನಸಿಕ ಪಠ್ಯ’ವೆಂದು ಕರೆದುದನ್ನು, ಅಂದರೆ ಕಥೆಯ ಎಳೆಗಳನ್ನೂ ಕಟ್ಟುವ ಕ್ರಮವನ್ನೂ. ನಾವೂ ಧ್ವನಿಯನ್ನು ಇದ್ದಲ್ಲಿಯೇ ಬಿಟ್ಟು, ಮುಗಿದ ತುಂಡುಗಳ ಪಟ್ಟಿಯನ್ನೂ ಬರಹವನ್ನೂ ಮಾತ್ರ ಸಾಗಿಸಿದೆವು; ಉಳಿದ ತುಂಡುಗಳ ಧ್ವನಿಯನ್ನಷ್ಟೇ ಬೇಕಾದಾಗ ತರಿಸಿಕೊಂಡೆವು. ಹಗುರವಾಗಿ ಉಳಿಸುವುದಕ್ಕೂ ಮಿತಿಯುಂಟು. ಪಕ್ಕದ ಬಡಾವಣೆಯ ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳಿವೆ. ಅಲ್ಲಿ ಬಾಡಿಗೆಗಿರುವ ಎಷ್ಟು ಜನ ಅವನ್ನು ಬಿಡಿಸಿ ಹೇಳಿಯಾರು?

ಕೊನೆಗೂ ಒಂದು ಕ್ಯಾಸೆಟ್ಟು ಬಗ್ಗಲಿಲ್ಲ. ಯಂತ್ರ ಅದೇ ತುಂಡಿನ ಮೇಲೆ ಬೀಳುತ್ತಿತ್ತು, ಏಳುತ್ತಿತ್ತು, ಬಾಡಿಗೆ ಏರುತ್ತಿತ್ತು. ದೋಷ ಯಂತ್ರದ್ದಲ್ಲ, ತೇವ ತಿಂದ ಟೇಪಿನದು. ಅಂಥದನ್ನು ಎಷ್ಟು ಸಲ ಮರಳಿ ಓಡಿಸಿದರೂ ಫಲವಿಲ್ಲವೆಂದು ಮೂರು ಯತ್ನಗಳ ಮಿತಿ ಹಾಕಿ ಬದಿಗಿಡಿಸಿದೆ. ಈಗ ಸಿದ್ಧವಾಗುತ್ತಿರುವ ಪಠ್ಯದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ತಂತಿ ಕಡಿದ ಕಡೆ ತಂತಿ ಕಡಿಯಿತೆಂದೂ ಕಾಫಿ ಬಂದ ಕಡೆ ಕಾಫಿ ಬಂತೆಂದೂ ಬರೆಯುತ್ತಿದ್ದೇನೆ.